ಬೋರ್ಡಿನ ಹದಿನಾಲ್ಕು ದಿನ

ಹ್ಯೂವಾನ್ ನದಿ ದಂಡೆ, ಟ್ಯಾಸ್ಮೇನಿಯಾ
ಸೆಪ್ಟೆಂಬರ್ ೧೭, ಬುಧವಾರ

ನನ್ನ ಬ್ರಾನಿ,

ಅಮ್ಮ ಕಾಗದ ಬರೆದಿದ್ದಾಳೆ ಅಂದರೆ ಏನೋ ಎಡವಟ್ಟಾಗಿದೆ ಎಂದುಕೊಳ್ಳುತ್ತೀಯ. ಆಗಿದೆ. ಫೋನಿನಲ್ಲಿ ಹೇಳಲು ಹೋದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಎಲ್ಲಿಗೆ ಬಂದಿದ್ದೆ ಎಂಬುದೇ ಮರೆತುಹೋಗುತ್ತದೆ. ಈಗಾಗಲೇ ತಲೆ ಕೆಟ್ಟು ಕೆರ ಹಿಡಿದಿದೆ.

ಹೋದ ತಿಂಗಳು ನಮ್ಮ ಮರಿಸಾಕಣೆಯ ತೊಟ್ಟಿಗಳಿಂದ ಸಮುದ್ರದ ಬಲೆಪಂಜರಕ್ಕೆ ಬಿಟ್ಟ ಸಾಲ್ಮನ್ ಮರಿಗಳು ಸಾಯುತ್ತಿರುವುದು ನಿನಗೆ ಗೊತ್ತೇ ಇದೆ; ಸತ್ತವು ನಿನ್ನ ಪ್ರಯೋಗಾಲಯಕ್ಕೇ ಬಂದಿವೆ. ಕೆಂಪುಬಾಯಿ ರೋಗ. ಅದೇ ರೋಗಕ್ಕೆ ಒಂದೊಂದು ಮರಿಯನ್ನೂ ಅಂಗೈಯಲ್ಲಿ ಹಿಡಿದು, ಹೊಟ್ಟೆಗೆ ಸೂಜಿ ಚುಚ್ಚಿ ಲಸಿಕೆ ಹಾಕಿದವಳು ನಾನು. ಹಾಗಿದ್ದೂ ಯಾಕೆ ಸತ್ತವು?

ಭಾನುವಾರ ನೀನು ವಿವರಿಸಿದೆ. ಮೀನಿನ ಮೂಳೆಯಲ್ಲಿ ನಮ್ಮ ಹಾಗೆ ಮಜ್ಜೆಯಿಲ್ಲ, ಅದರ ಕಾವಲಿನ ಕೋಶಗಳು ಹುಟ್ಟುವುದು ತಲೆಯ ಹಿಂದಿನ ಮೂತ್ರಪಿಂಡದಲ್ಲಿ. ಒಂದು ಬಗೆಯ ಕೋಶ ರೋಗಾಣುವನ್ನು ನುಂಗಿ, ಅದರ ಚೂರನ್ನು ಇನ್ನೊಂದು ಬಗೆಯದಕ್ಕೆ ತೋರಿಸುತ್ತದೆ. ಆ ಎರಡನೆಯದು ಗುರುತು ಹಿಡಿದು, ಒಂದು ಹೋಗಿ ಸಾವಿರವಾಗಿ, ಆ ರೋಗಕ್ಕೇ ತಕ್ಕ ಮದ್ದು ತಯಾರಿಸಬೇಕು. "ನುಂಗಿದಾವೆ ಅಮ್ಮ, ತೋರ್ಸಿದಾವೆ. ಕಲಿಯೋದು ಮಾತ್ರ ಅರ್ಧಕ್ಕೇ ನಿಂತಿದೆ. ನೀರು ತಣ್ಣಗಿತ್ತಾ?" ಎಂದು ಕೇಳಿದೆ ನೀನು. ಇಲ್ಲಮ್ಮ, ಬೋರ್ಡ್ ಸರಿಯಾಗಿದೆ ಎಂದು ನಾನು ಫೋನಿಟ್ಟೆ.

ಬೋರ್ಡ್ ನಿನಗೆ ಗೊತ್ತು. ದಿನಾ ಬೆಳಿಗ್ಗೆ ತೊಟ್ಟಿಯ ನೀರು ಎಷ್ಟು ಡಿಗ್ರಿ ಎಂದು ಬರೆದು ಕೂಡಿಸುತ್ತಾ ಹೋಗುತ್ತೇವೆ. ಲಸಿಕೆಯಾದ ಮೇಲೆ ಮೊತ್ತ ಐನೂರು ಮುಟ್ಟುವ ತನಕ ಮರಿ ಸಮುದ್ರ ನೋಡಬಾರದು. ಮೀನಿನ ಮೈಗೆ ದಿನ ಎಷ್ಟಾಯಿತು ಎಂಬುದು ಮುಖ್ಯವಲ್ಲ, ಎಷ್ಟು ಬೆಚ್ಚಗಿತ್ತು ಎಂಬುದು ಮುಖ್ಯ. ಬೋರ್ಡ್ ಬರೆಯುವವಳು ನಾನು.

ಜುಲೈನಲ್ಲಿ ಲಸಿಕೆ ಇನ್ನೇನು ಮುಗಿಯಿತು ಅನ್ನುವಾಗ ಮರಿಯೊಂದು ಒದ್ದಾಡಿ, ಸೂಜಿ ನನ್ನ ಬೆರಳಿಗೇ ಹೊಕ್ಕಿತಲ್ಲ. ಎಣ್ಣೆ ಬೆರೆಸಿದ ಮದ್ದು. ಸಂಜೆಗೆ ಬೆರಳು ಬದನೆಕಾಯಿಯಾಗಿತ್ತು. ಆಸ್ಪತ್ರೆಯಲ್ಲಿ ಕೊಯ್ದು ತೊಳೆದು ಹದಿನಾಲ್ಕು ದಿನ ರಜೆ ಕೊಟ್ಟರು. "ಗ್ಲೆನಿಸ್‌ಗೆ ಇನ್ನು ಕೆಂಪುಬಾಯಿ ಬರಲ್ಲ ಬಿಡಿ. ಬಂದ್ರೂ ಅವಳ ಬಾಯಿ ನೋಡಿ ಓಡಿಹೋಗತ್ತೆ" ಎಂದು ಎಲ್ಲರೂ ನಕ್ಕರು. ತಿರುಗಿ ಬಂದರೆ ಬೋರ್ಡಿನಲ್ಲಿ ಹದಿನಾಲ್ಕು ದಿನ ಖಾಲಿ. ಯಾವಾಗಲೂ ಹನ್ನೆರಡೇ ಇರುತ್ತದಲ್ಲ ಎಂದು ಸಾಲಾಗಿ ಹನ್ನೆರಡು, ಹನ್ನೆರಡು ಎಂದು ತುಂಬಿಬಿಟ್ಟೆ. ಅಷ್ಟೂ ದಿನ ಹೀಟರ್ ಕೆಟ್ಟು ನೀರು ಆರು ಡಿಗ್ರಿಗೆ ಇಳಿದಿತ್ತಂತೆ. ನನಗೇನು ಗೊತ್ತು?

ಈಗ ಅದು ಹೊರಬಿದ್ದು, ಎಲ್ಲ ಲೈಲ್ ತಲೆಗೆ ಬಂದಿದೆ. ಹೀಟರ್ ನೋಡಿಕೊಳ್ಳುವ ಲೈಲ್, ನಿನಗೆ ದೋಣಿ ನಡೆಸಲು ಕಲಿಸಿದವನು. ಕೆಟ್ಟಿದ್ದನ್ನು ಮುಚ್ಚಿಟ್ಟ ಎಂದು ಶುಕ್ರವಾರ ಅವನನ್ನು ಕೆಲಸದಿಂದ ತೆಗೆಯುತ್ತಾರೆ. ಅರವತ್ತೊಂದು ವರ್ಷ ಅವನಿಗೆ, ಇನ್ನು ಯಾರು ಕೆಲಸ ಕೊಡುತ್ತಾರೆ. ನಿನ್ನೆ ಮ್ಯಾನೇಜರ್ ಎದುರು ಅವನು, "ನಾನು ಗ್ಲೆನ್‌ಗೆ ಹೇಳಿದ್ದೆ" ಎಂದ. ಮ್ಯಾನೇಜರ್ ನನ್ನ ಮುಖ ನೋಡಿದರು. ನನಗೆ ನೆನಪಿಲ್ಲ ಎಂದೆ. ಲೈಲ್ ಜಗಳ ತೆಗೆಯಲಿಲ್ಲ. "ಇರಬೋದು ಸರ್. ಪಾಪ, ಆವಾಗ ನೋವಿನ ಮಾತ್ರೆ ತಗೋತಿದ್ಲು" ಎಂದುಬಿಟ್ಟ. ಅವನು ಬೈದಿದ್ದರೆ ನಾನೂ ನಾಲ್ಕು ಬೈದು ನೆಮ್ಮದಿಯಾಗಿ ಮನೆಗೆ ಬರುತ್ತಿದ್ದೆ.

ಬ್ರಾನಿ, ಒಂದು ಕೇಳಲೇ? ಲಸಿಕೆಯೇ ದುರ್ಬಲವಿತ್ತು ಎಂದು ನಿನ್ನ ವರದಿಯಲ್ಲಿ ಬರೆಯಲು ಬರುತ್ತದೆಯೇ? ಖಂಡಿತ ಎಂದಲ್ಲ, ಇರಬಹುದು ಎಂದು. ಆಗ ಲೈಲ್ ಉಳಿಯುತ್ತಾನೆ, ನಾನೂ ಉಳಿಯುತ್ತೇನೆ. ಬರೆಯಬೇಡ ಎಂದೂ ಅನ್ನಿಸುತ್ತದೆ. ಆ ಹಾಳೆಯ ಕೆಳಗೆ ನಿನ್ನ ಹೆಸರಿರುತ್ತದೆ. ನಾನು ಏನು ಕೇಳುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿಲ್ಲ. ಚೂರು ತೆಗೆದು ಕಣ್ಣೆದುರು ಹಿಡಿದ ಮೇಲೂ ಆ ಎರಡನೆಯ ಕೋಶ ಸುಮ್ಮನೆ ಕೂತಿದ್ದು ಹೇಗೆ, ಅದೂ ತಿಳಿಯುತ್ತಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಪೆದ್ದು ಅಮ್ಮ,
ಗ್ಲೆನಿಸ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ನನಗೆ ನೆನಪಿದೆ. ರಜೆ ಮುಗಿಸಿ ಬಂದ ಬೆಳಿಗ್ಗೆ ಲೈಲ್ ಬಾಗಿಲಲ್ಲಿ ನಿಂತು ಸ್ಕಾಲಪ್ ಚಿಪ್ಪುಮೀನಿನ ಪೈ ತಿನ್ನುತ್ತಿದ್ದ, ಗಡ್ಡಕ್ಕೆ ಅದರ ಹಳದಿ ಗೊಜ್ಜು ಮೆತ್ತಿತ್ತು. "ಹದ್ನಾಲ್ಕು ದಿನವೂ ಆರೇ ಡಿಗ್ರಿ ಗ್ಲೆನ್, ಮರೀದೆ ಬರಿ. ಮರಿಗಳು ಇನ್ನೊಂದು ವಾರ ಇಲ್ಲೇ ಇರ್ಲಿ" ಎಂದ. ಹೂಂ ಎಂದೆ. ನನ್ನ ಬೆರಳಿನಿಂದ ಆಗಲೇ ಎರಡು ದಿನ ಕೆಲಸ ನಿಂತಿತ್ತು, ಮತ್ತೊಂದು ವಾರ ತಡ ಎಂದು ಹೇಳುವ ಮುಖ ನನಗಿರಲಿಲ್ಲ. ಮಾತ್ರೆ ಬಿಟ್ಟು ಅಷ್ಟೊತ್ತಿಗೆ ನಾಲ್ಕು ದಿನವಾಗಿತ್ತು. ನೀರು ತಣ್ಣಗಿತ್ತು ಎಂದೇ ಬರೆ. ನಾಳೆ ಮ್ಯಾನೇಜರ್ ಬರುವ ಮೊದಲೇ ಅವರ ಬಾಗಿಲಲ್ಲಿರುತ್ತೇನೆ. ಅದಕ್ಕೂ ಮೊದಲು ಲೈಲ್ ಮನೆಗೆ ಹೋಗಬೇಕು. ಅವನಿಗೆ ಏನು ಹೇಳಲಿ ಎಂದು ಮಾತ್ರ ಗೊತ್ತಾಗುತ್ತಿಲ್ಲ.