ಸೈಲೆನ್ಸರ್ ಮೇಲಿನ ತಗಡು

ಮೆದೆರ್,

ನಾನು ಶಾಲೆಗೆ ಹೊರಟೆ. ಒಲೆಯ ಮೇಲೆ ಶೋರ್ಪೊ ಸಾರು ಇದೆ, ಬಿಸಿ ಮಾಡಿಕೋ.

ಅಪ್ಪನ ಹಳೆಯ ವೋಲ್ಗಾ ಕಾರನ್ನು ನೀನು ಹೊಸದರಂತೆ ಮಾಡಿದೆ, ಸಂತೋಷ. ಆದರೆ ಸೈಲೆನ್ಸರಿನ ಶಾಖ ತಡೆಯುವ ತಗಡನ್ನು ಮತ್ತೆ ಕೂರಿಸಿದೆಯಾ ಎಂದರೆ, "ಹಾಕಿದೀನಿ ಅಕ್ಕಾ, ನಿಂಗೆ ಎಲ್ಲಾದ್ರಲ್ಲೂ ಅನುಮಾನ" ಅಂದೆ. ಅದು ಬರೀ ಗಡಗಡ ಅನ್ನುತ್ತೆ, ದಂಡ ಎಂದು ಗೊಣಗುತ್ತಿದ್ದವನು ಅಷ್ಟು ಬೇಗ ಒಪ್ಪಿದಾಗಲೇ ನನಗೆ ನಂಬಿಕೆ ಬರಲಿಲ್ಲ.

ನಿನ್ನೆ ನೀನು ಅಮ್ಮನನ್ನು ಅದರಲ್ಲೇ ನಾರಿನ್ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿಬಂದೆ. ಸಕ್ಕರೆ ಕಾಯಿಲೆಯಿಂದ ಅವಳ ಪಾದಕ್ಕೆ ಬಿಸಿ ತಿಳಿಯುವುದಿಲ್ಲ ಎಂದು ನಿನಗೆ ಗೊತ್ತು. ಇವತ್ತು ಕಾಲುಚೀಲ ಬಿಚ್ಚಿದರೆ ಎರಡೂ ಅಂಗಾಲಲ್ಲಿ ಬೊಬ್ಬೆ.

"ಚಹಾ ಚೆಲ್ಲಿಕೊಂಡೆ ಕಣೇ, ಅವನಿಗೇನೂ ಅನ್ಬೇಡ" ಅಂದಳು.

ಚಹಾ ಅಂಗಾಲಿಗೆ ಹೇಗೆ ಚೆಲ್ಲುತ್ತದೆ? ಕಾರಿನಡಿ ಮಲಗಿ ನೋಡಿದೆ. ತಗಡಿಲ್ಲ. ಒಳಗೆ ಅಮ್ಮ ಕಾಲಿಟ್ಟಿದ್ದ ಕಡೆ ಚಾಪೆ ಕಂದಿದೆ. ನಿನಗಾಗಿ ಅವಳೂ ಸುಳ್ಳು ಹೇಳುತ್ತಿದ್ದಾಳೆ.

ಕಾರಿನ ಕೀಲಿ ನನ್ನ ಹತ್ತಿರ ಇದೆ. ತಗಡು ಎಲ್ಲಿ ಬಿಸಾಡಿದ್ದೀಯೋ ಹುಡುಕಿ ಹಾಕು. ಹಾಕಿದೆ ಎಂದರೆ ಸಾಲದು, ನಾನೇ ಬಂದು ಮುಟ್ಟಿ ನೋಡುತ್ತೇನೆ.

ಮುಲಾಮು ಕಿಟಕಿಯಲ್ಲಿದೆ. ಅಮ್ಮನ ಕಾಲಿಗೆ ನೀನೇ ಹಚ್ಚು. ಅವಳಿಗೆ ಉರಿಯುವುದಿಲ್ಲ. ನಿನಗೆ ಉರಿಯಲಿ.

ಬುರುಲ್