ಅನುಭವ ಯಾರದು?

ಕರಿಕಲ್ಲಹಳ್ಳಿ
ಫೆಬ್ರವರಿ ೩೦, ೨೧೭೪

ಪ್ರೀತಿಯ ರಾಜಮಣಿ ಅಜ್ಜಿ,

ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ತಿಂಗಳುಗಳ ನಡುವೆಯಾದರೂ ಸಮಾನತೆ ಬಂದಿದೆ. ನಾನು ಕೆಂಪಿ, ನಿನ್ನ ಮೊಮ್ಮಗಳ ಮರಿಮೊಮ್ಮಗಳು. ನನ್ನ ಮಾತಿನಲ್ಲಿ ನಿನಗೆ ತಿಳಿಯದ ಪದಗಳು ನುಸುಳಿದರೆ ಮನ್ನಿಸು. ನೀನು ಈಗ ನಿನ್ನ ಕಾಲದಲ್ಲಿ ಬರೆಯುತ್ತಿರುವ ಕಾದಂಬರಿಯ ಬಗ್ಗೆ, ಅದು ಅಚ್ಚಿಗೆ ಹೋಗುವ ಮೊದಲೇ ತುರ್ತಾಗಿ ಹೇಳಬೇಕಾದ್ದಿದೆ.

ಇಲ್ಲಿ ಭೂಮಿ ಯಾರ ಆಸ್ತಿಯೂ ಅಲ್ಲ. ಏಳು ವರ್ಷಕ್ಕೊಮ್ಮೆ ಊರಿನ ಹೊಲಗದ್ದೆಗಳನ್ನು ಮನೆಮನೆಗೆ ಮರುಹಂಚುತ್ತಾರೆ. ಅದನ್ನು ನೆಲಪಾಳಿ ಎನ್ನುತ್ತೇವೆ. ಹಂಚುವುದು ಒಂದು ಯಂತ್ರ, ಅದರ ಹೆಸರು ಹಂಚುಗ. ಅರ್ಜಿಯಲ್ಲಿ ಜಾತಿಯ ಕಾಲಂ ಇಲ್ಲ. ಬೆಳಗ್ಗೆ ಗುಡ್ಡದ ಮೇಲಿನ ಮಂಜುಬಲೆಗಳಿಂದ ಕುಡಿಯುವ ನೀರು ಇಳಿಸಿಕೊಂಡು ಬರುತ್ತೇವೆ. ಮಧ್ಯಾಹ್ನ ಊರೆಲ್ಲ ಒಂದೇ ಸಾಲಿನಲ್ಲಿ ಕೂತು ರಾಗಿಮುದ್ದೆ, ಹುರುಳಿ ಸಾರು ಉಣ್ಣುತ್ತದೆ. ಮುದ್ದೆ ಬದಲಾಗಿಲ್ಲ, ಹೆದರಬೇಡ. ಆದರೂ ಐದು ಪಾಳಿಗಳಿಂದ ನಾಲೆ ಬಯಲಿನ ಗದ್ದೆ ಅದೇ ಮನೆಗಳಿಗೆ, ಗುಡ್ಡದ ಕಲ್ಲುನೆಲ ನಮಗೆ. ಯಾಕೆಂದು ಕೇಳಿದರೆ, 'ನೀರಾವರಿ ಅನುಭವ' ಎಂಬಲ್ಲಿ ನಿಮಗೆ ಸೊನ್ನೆ ಎನ್ನುತ್ತದೆ ಹಂಚುಗ.

ಊಟದ ನಂತರ ಹಳೆಯ ಕಾದಂಬರಿಗಳನ್ನು ಗಟ್ಟಿಯಾಗಿ ಓದುವ ಪದ್ಧತಿ ನಮ್ಮಲ್ಲಿದೆ. ಬಿಳಿಯರು ಕರಿಯರ ನೆಲ ಕಿತ್ತುಕೊಂಡ ದೂರದೇಶದ ಕಥೆಗಳನ್ನೂ ಓದುತ್ತೇವೆ, ನಮ್ಮದೇ ಇನಾಮು ಜಮೀನುಗಳ ಕಥೆಗಳನ್ನೂ ಓದುತ್ತೇವೆ. "ಸದ್ಯ, ಆ ಕಾಲ ಮುಗೀತಪ್ಪ" ಎಂದು ಗದ್ದೆಯವರು ಕಣ್ಣೊರೆಸಿಕೊಂಡು ಎದ್ದು ಹೋಗುತ್ತಾರೆ. ಎಲ್ಲಿ ಮುಗಿಯಿತು? ಕಾದಂಬರಿಯ ಆಳಿಗಾಗಿ ಅಳುವವರೇ ಆಳಿನ ಮರಿಮಕ್ಕಳಿಗೆ ಕಲ್ಲು ಹಂಚುತ್ತಾರೆ.

ಮೊನ್ನೆ ಊಟದ ನಂತರ ನಿನ್ನ ಕೈಬರಹದ ಕಟ್ಟು ಬಿಚ್ಚಿ ಗಟ್ಟಿಯಾಗಿ ಓದಿದೆ. ಅದರಲ್ಲಿ ಗುಮಾಸ್ತ, "ಜಮೀನು ಯಾರ ಅನುಭವದಲ್ಲಿದೆ?" ಎಂದು ಕೇಳುತ್ತಾನೆ. ಆಳು ಪುಟ್ಟಮಾದ ಕೈಕಟ್ಟಿ, "ಅನ್ಬೋವ ನಂದೇ ಬುದ್ಧಿ. ಮೂವತ್ತು ವರ್ಸದಿಂದ ನಾನೇ ನೀರ್ ಕಟ್ತಿವ್ನಿ" ಎನ್ನುತ್ತಾನೆ. ಕಚೇರಿಗೆ ಕಚೇರಿಯೇ ನಗುತ್ತದೆ. "ಲೋ, ಅನುಭವ ಅಂದ್ರೆ ಗೇಯೋದಲ್ಲ ಕಣೋ, ಸ್ವಾಧೀನ!" ಎಂದು ಗುಮಾಸ್ತ ಧಣಿಯ ಹೆಸರು ಬರೆದುಕೊಳ್ಳುತ್ತಾನೆ.

ನನ್ನ ಸೋದರತ್ತೆ ಚಿಕ್ಕತಾಯಿ ಧಡಕ್ಕನೆ ಎದ್ದಳು. "ತಡಿಯಮ್ಮಿ, ಆ ಸಾಲ್ನ ಇನ್ನೊಂದ್ಸಲ ಓದು. ನಮ್ ಹಂಚುಗನೂ ಆ ಗುಮಾಸ್ತನ ವಂಸದವನೇ ಕನಮ್ಮಿ!"

ಹೌದು ಅಜ್ಜಿ. ಯಂತ್ರಕ್ಕೆ ಪದ ಕಲಿಸಿದವರು ಹಳೆಯ ಜಮೀನು ಪತ್ರಗಳಿಂದ ಕಲಿಸಿದ್ದಾರೆ. ಯಾರು ನೀರು ಕಟ್ಟಿದರು ಎಂದು ಅದು ಕೇಳುತ್ತಲೇ ಇಲ್ಲ. ಗದ್ದೆ ಯಾರ ಹೆಸರಲ್ಲಿತ್ತು ಎಂದು ಕೇಳುತ್ತಿದೆ. ನಾವು ಪೆದ್ದುಪೆದ್ದಾಗಿ ಐದು ಪಾಳಿ ನಮ್ಮ ಬೆವರಿನ ವಿವರ ಬರೆದುಕೊಟ್ಟೆವು.

ಇನ್ನು ಹನ್ನೆರಡು ದಿನಕ್ಕೆ ಆರನೆಯ ಪಾಳಿ. ಆ ಹಳೆಯ ಜಮೀನು ಪತ್ರಗಳು ಪ್ರವಾಹದಲ್ಲಿ ಕೊಳೆತುಹೋದವು. ಹಾಗಾಗಿ ಹಂಚುಗನ ಲೆಕ್ಕ ತಿದ್ದಬಲ್ಲ ನೆಲಸಭೆ ಅಚ್ಚಾದ ಕಾದಂಬರಿಯನ್ನೂ ಸಾಕ್ಷಿಯೆಂದು ಒಪ್ಪುತ್ತದೆ. ಕೈಬರಹವನ್ನು ಒಪ್ಪುವುದಿಲ್ಲ. ನಿನ್ನ ಅಚ್ಚಾದ ಪುಸ್ತಕದಲ್ಲಿ ಈ ಪುಟವೇ ಇಲ್ಲ! ಕೈಬರಹದಲ್ಲಿ ಅದರ ಮೇಲೆ ಕೆಂಪು ಗೀಟು ಎಳೆದಿದೆ. ಅಂಚಿನಲ್ಲಿ ನಿನ್ನದೇ ಅಕ್ಷರ: 'ಪ್ರಕಾಶಕರ ಪ್ರಕಾರ ಇದೆಲ್ಲ ಹಳೇ ಕಥೆ, ಈಗಿನವರಿಗೆ ಬೇಡ.'

ಇಡೀ ದಿನ ಶಾಲೆಯಲ್ಲಿ ಪಾಠ ಮಾಡಿ ದಣಿದ ನೀನು, ಜಗಳ ಯಾಕೆ ಅಂತ ಒಪ್ಪಿರಬೇಕು. ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ದುಂಡಕ್ಷರ ಮುಟ್ಟಿ ಕಣ್ಣಿಗೊತ್ತಿಕೊಂಡವಳು ನಾನು. ಆದರೆ ಆ ಮಾತು ಪುಟ್ಟಮಾದನದು, ಹೊಡೆದುಹಾಕುವ ಅಧಿಕಾರ ನಿನಗೂ ಇಲ್ಲ, ನಿನ್ನ ಪ್ರಕಾಶಕನಿಗಂತೂ ಮೊದಲೇ ಇಲ್ಲ. ಒಂದಕ್ಷರ ಬಿಡದೆ ಅಚ್ಚು ಹಾಕಿಸು. ಕಚೇರಿಯ ನಗುವನ್ನೂ ಬಿಡಬೇಡ.

ನಾಳೆ ಬೆಳಗ್ಗೆ ಅಚ್ಚಾದ ಪುಸ್ತಕವನ್ನು ಮತ್ತೊಮ್ಮೆ ತೆರೆದು ನೋಡುತ್ತೇನೆ ಅಜ್ಜಿ, ಪುಟ್ಟಮಾದನ ಮಾತು ಇರಬೇಕಾದ ನೂರ ಹನ್ನೆರಡನೆಯ ಪುಟ.

ನಿನ್ನ
ಕೆಂಪಿ