ಮೊದಲ ಎತ್ತರ

ಮುಳ್ಳೇರಿಯ
೧೬ ನವೆಂಬರ್ ೨೦೨೫

ಮಗಳು ನಮಿತಾಳಿಗೆ ಅಮ್ಮನ ಆಶೀರ್ವಾದ.

ನಾವಿಲ್ಲಿ ಉಣ್ಣುತ್ತಾ ಮಲಗುತ್ತಾ ಇದ್ದೇವೆ. ಕ್ಷೇಮ ಅಂತ ಬರೆಯಲು ಕೈ ಬರುವುದಿಲ್ಲ. ಕಾಗದ ತಡವಾಯಿತು, ಬೇಸರ ಮಾಡಬೇಡ. ಇವತ್ತು ಫೋನ್ ತೆಗೆದಾಳು, ನಾಳೆ ತೆಗೆದಾಳು ಅಂತ ಕಾದೆ. ನೀನೋ, "ಇನ್ನು ಹಾರುವುದಿಲ್ಲ" ಅಂತ ಒಂದು ಮೆಸೇಜು ಹಾಕಿ ಬಂದ್ ಮಾಡಿ ಕೂತಿದ್ದೀ. ಊಟ ಮಾಡುತ್ತಾಳೆ, ಆದರೆ ಮಾತಿಲ್ಲ, ಮೈದಾನಕ್ಕೆ ಇಳಿಯುವುದೂ ಇಲ್ಲ ಅಂತ ಹಾಸ್ಟೆಲಿನ ವಾರ್ಡನ್ ಹೇಳಿದರು. ಅದಕ್ಕೆ ಕಾಗದ ಹಿಡಿದೆ.

ಊರಿನ ಸುದ್ದಿ ಅಂದರೆ ನಿನ್ನದೇ. ಕ್ಲಬ್ಬಿನ ಪ್ರವೀತ್ ಬಸ್‌ಸ್ಟ್ಯಾಂಡಿನಲ್ಲಿ ಹಾಕಿಸಿದ್ದ ಫ್ಲೆಕ್ಸನ್ನು ಮೊನ್ನೆ ತೆಗೆದ. ನೀನು ರಾಜ್ಯ ಕ್ರೀಡಾಕೂಟಕ್ಕೆ ಹೊರಡುವ ಮೊದಲೇ "ಎತ್ತರ ಜಿಗಿತದ ಚಿನ್ನದ ಹುಡುಗಿಗೆ ಅಭಿನಂದನೆ" ಅಂತ ಬರೆಸಿದವನು ಅವನು. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸುವುದರಲ್ಲಿ ನಮ್ಮವರು ಯಾವಾಗಲೂ ಮುಂದು. ಅದರ ಫೋಟೋ ನಿನಗೂ ಕಳಿಸಿದ್ದನಂತೆ. ಅದನ್ನು ನೋಡಿಯೇ ನೀನು ಸಣ್ಣ ಎತ್ತರಗಳನ್ನೆಲ್ಲ ಹಾರದೆ ಬಿಟ್ಟು, ದೊಡ್ಡದರಿಂದಲೇ ಶುರು ಮಾಡುತ್ತೇನೆ ಅಂದದ್ದು ಅಂತ ನನಗೆ ಅನುಮಾನ. ದಿನಾ ಹಾರುತ್ತಿದ್ದ ಎತ್ತರವನ್ನು ಅಲ್ಲಿ ಹಾರಿದ್ದರೆ ಯಾರ ಮರ್ಯಾದೆ ಹೋಗುತ್ತಿತ್ತು ಮಗಳೇ? ನೀನು ಆರಿಸಿಕೊಂಡ ಆ ಮೊದಲ ಎತ್ತರಕ್ಕೇ, ಇದ್ದ ಮೂರು ಅವಕಾಶದಲ್ಲೂ ಅಡ್ಡಕೋಲು ಬಿತ್ತು. ಕೊನೆಯ ಸ್ಥಾನ ಕೂಡ ಸಿಗಲಿಲ್ಲ, ಹೆಸರಿನ ಎದುರು ಬರೀ ಒಂದು ಗೀಟು. ನಾವೆಲ್ಲ ಫೋನಿನಲ್ಲಿ ನೋಡುತ್ತಿದ್ದೆವು.

ಕುಟುಂಬಶ್ರೀ ಸಂಘದ ಸಭೆಯಲ್ಲಿ ಹೆಂಗಸರು ಸಾವಿನ ಮನೆಗೆ ಬಂದವರ ಹಾಗೆ ನನ್ನ ಕೈ ಹಿಡಿದುಕೊಂಡರು. ನಗು ಬಂತು, ಮನೆಗೆ ಬಂದ ಮೇಲೆ ಅಳುವೂ ಬಂತು. ಅಪ್ಪ ಬಸ್‌ಸ್ಟ್ಯಾಂಡಿನ ದಾರಿ ಬಿಟ್ಟು ಸುತ್ತು ಬಳಸಿ ಪೇಟೆಗೆ ಹೋಗುತ್ತಾರೆ.

ನಿನಗೆ ಹಾರಲು ಕಲಿಸಿದ ಗೌರೀಶಂಕರ ಮಾಸ್ಟ್ರು ನಿನ್ನೆ ಬಂದಿದ್ದರು. ಚಾ ಕೊಟ್ಟು ಚೆನ್ನಾಗಿ ಬೈದೆ, ಓದುವ ಹುಡುಗಿಯ ತಲೆ ಕೆಡಿಸಿದವರು ನೀವು ಅಂತ. ಅವರು ಚಾ ಕುಡಿದು ಮುಗಿಸಿ, "ಕಿನ್ನಿಯಕ್ಕ, ಈ ಆಟದಲ್ಲಿ ಗೆದ್ದವರೂ ಹೆಚ್ಚಾಗಿ ಇನ್ನೂ ಮೇಲಕ್ಕೆ ಹಾರಲು ಹೋಗಿ ಮೂರು ಸಲ ಕೋಲು ಬೀಳಿಸಿಯೇ ಹೊರಗೆ ಬರುದು. ಇವಳಿಗೆ ಅದು ಬೇಗ ಬಂತು, ಅಷ್ಟೆ" ಅಂದರು. ನಿನ್ನ ವಿಡಿಯೋ ಮತ್ತೆ ಮತ್ತೆ ನೋಡಿದ್ದಾರಂತೆ. ಓಟದ ಕೊನೆಯ ಹೆಜ್ಜೆಗಳಲ್ಲಿ ಅವಸರ ಮಾಡಿ ಕೋಲಿನ ತೀರ ಹತ್ತಿರ ಹೋಗಿಬಿಟ್ಟಿದ್ದೀಯಂತೆ. ಅದನ್ನು ತಿದ್ದಲಿಕ್ಕೆ ಆಗುತ್ತದೆ, ಮುಂದಿನ ಕೂಟದಲ್ಲಿ ಎಲ್ಲಕ್ಕಿಂತ ಸಣ್ಣ ಎತ್ತರದಿಂದ ಶುರು ಮಾಡಲಿ, ಹಾರದೆ ಕೂತರೆ ಮಾತ್ರ ತಿದ್ದಲಿಕ್ಕೆ ಎಂತದೂ ಇಲ್ಲ ಅಂದರು. ಬೈದದ್ದಕ್ಕೆ ನನಗೇ ನಾಚಿಕೆಯಾಯಿತು.

ನೀನು ಸೋತದ್ದಕ್ಕೆ ಸಂಕಟ ಇಲ್ಲ ಅಂದರೆ ಸುಳ್ಳಾಗುತ್ತದೆ. ಉಂಟು, ತುಂಬಾ ಉಂಟು. ಹಾರುವುದು ಬಿಡುತ್ತೀಯಾದರೆ ಬಿಡು, ನಾನು ಅಡ್ಡ ಬರುವುದಿಲ್ಲ. ಆದರೆ ಒಂದು ಸಣ್ಣ ಎತ್ತರವನ್ನಾದರೂ ದಾಟಿ ಆಮೇಲೆ ಬಿಡು. ಬಿದ್ದ ಕೋಲನ್ನೇ ಕಣ್ಣಲ್ಲಿ ಇಟ್ಟುಕೊಂಡು ಮನೆಗೆ ಬರಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು, ತಲೆಗೆ ಎಣ್ಣೆ ಹಾಕಿಕೋ. ದೈವಗಳು ನಿನ್ನ ಬೆನ್ನಿಗಿರಲಿ.

ನಿನ್ನ
ಅಮ್ಮ

ತಾ.ಕ.: ಇದನ್ನು ಬರೆಯಬಾರದು ಅಂತ ಇದ್ದೆ. ನಿನ್ನ ತಂಗಿ ಮೋಕ್ಷಿತಾ ಸಂಜೆ ಹೊತ್ತು ಅಂಗಳದಲ್ಲಿ ಬಿದಿರು ಕಟ್ಟಿ ನಿನ್ನ ಹಾಗೆಯೇ ಹಾರುತ್ತಿದ್ದಳಲ್ಲ. ಆ ದಿನ ಅವಳೂ ನನ್ನ ಪಕ್ಕದಲ್ಲೇ ಕೂತು ಎಲ್ಲ ನೋಡಿದಳು. ಮರುದಿನದಿಂದ ಬಿದಿರನ್ನು ನೆಲದ ಮೇಲೆಯೇ ಇಟ್ಟು ದಾಟುತ್ತಾಳೆ. ಯಾಕೆ ಹೀಗೆ ಅಂತ ಕೇಳಿದೆ. "ಹೀಗೆ ಇಟ್ಟರೆ ಬೀಳುದಿಲ್ಲ ಅಮ್ಮ" ಅಂದಳು. ನಾನು ಹೇಳಿದ್ದು ಯಾವುದೂ ಅವಳಿಗೆ ನಾಟುವುದಿಲ್ಲ. ಹೇಳಬೇಕಾದವಳು ನೀನು, ನೀನೇ ಫೋನ್ ತೆಗೆಯುವುದಿಲ್ಲ.